ಅಜ್ಜಿ ಮಾಡಿ ತೋರಿಸಿದ್ದು

ಮಾತ್ರೆ ಎಣಿಸುವಾಗ ನಾನು ಸಿಕ್ಕಿಬಿದ್ದೆ.

ಚೇಕಾಡಿಯ ಗದ್ದೆಬಯಲು ದಾಟಿ ಕಾಡಿನಂಚಿನಲ್ಲಿ, ಕಾಡಿನವರ ಹಾಡಿಯೊಂದರಲ್ಲಿ ಅಂದು ಆರೋಗ್ಯ ಶಿಬಿರವಿತ್ತು. ನಾನು ಆ ಭಾಗದ ಸರ್ಕಾರಿ ನರ್ಸು. ಬೆಂಚಿನ ಮೇಲೆ ಕಬ್ಬಿಣಾಂಶದ ಮಾತ್ರೆ ಸುರಿದುಕೊಂಡು ಹತ್ತು ಹತ್ತರಂತೆ ಪೊಟ್ಟಣ ಕಟ್ಟುತ್ತಿದ್ದೆ. ಎದುರಿಗೆ ನಿಂತಿದ್ದ ಮುದುಕಿ ಎಲ್ಲರಂತೆ ನನ್ನ ಕೈ ನೋಡದೆ ತುಟಿ ನೋಡುತ್ತಿದ್ದಳು. ಪೊಟ್ಟಣ ಚಾಚಿದರೆ ತೆಗೆದುಕೊಳ್ಳಲೂ ಇಲ್ಲ.

"ನೀ ನಮ್ ಮಾತ್ನೋಳು ಕಣವ್ವ," ಅಂದಳು.

"ಅಲ್ಲ, ಅಲ್ಲ. ಎನಿಕ್ಕು ಕನ್ನಡ ಅರಿಯಿಲ್ಲ," ಅಂದೆ, ನನಗೆ ಕನ್ನಡ ಬಾರದೆಂದು ಅಚ್ಚ ಮಲಯಾಳಂನಲ್ಲಿ.

"ಬಾಯಿ ಸುಳ್ಳು ಹೇಳ್ತದೆ. ಎಣಿಕೆ ಹೇಳಕ್ಕಿಲ್ಲ," ಅಂದು ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋದಳು.

ನಾನು ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತಿದ್ದೆನೆಂದು ನನಗೆ ತಿಳಿದದ್ದೇ ಆಗ. ಪಕ್ಕದಲ್ಲಿದ್ದ ಹೆಲ್ತ್ ಇನ್ಸ್‌ಪೆಕ್ಟರು ನಕ್ಕರು. ಅಂದಿನಿಂದ ತುಟಿ ಅಲ್ಲಾಡಿಸದೆ ಎಣಿಸುವುದನ್ನು ಅಭ್ಯಾಸ ಮಾಡಿಕೊಂಡೆ.

ಆ ಅಜ್ಜಿ ಹೋದ ತಿಂಗಳು ತೀರಿಕೊಂಡಳು. ಅವಳ ಹೆಸರನ್ನು ಎಷ್ಟೋ ಅರ್ಜಿಗಳಲ್ಲಿ, ಚೀಟಿಗಳಲ್ಲಿ ನಾನೇ ಬರೆದಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಅವಳ ಪರವಾಗಿ ಬರೆಯುವಾಗ ನಾನು ಎಷ್ಟು ನಂಬಿಕಸ್ಥಳು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದ ಕುಟುಂಬ. ತಾತ ವ್ಯಾಪಾರಕ್ಕೆಂದು ಗಡಿ ದಾಟಿ ಪನಮರಂ ಪೇಟೆಗೆ ಬಂದವರು ಅಲ್ಲೇ ನಿಂತರು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಮಲಯಾಳಂ. ಶಾಲೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನವರು ನನ್ನ ಹಾಗೇ ರಾಗ ಎಳೆದು ನಗುತ್ತಿದ್ದರು. ಹಠ ಹಿಡಿದು ಆ ರಾಗವನ್ನು ತಿಕ್ಕಿ ತಿಕ್ಕಿ ತೊಳೆದೆ. ನರ್ಸಿಂಗ್ ಓದುವ ಹೊತ್ತಿಗೆ ನಾನು ಎಲ್ಲಿಯವಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೇ ದೊಡ್ಡ ಜಾಣತನ ಅಂದುಕೊಂಡಿದ್ದೆ. ಈಗ ನಿವೃತ್ತಿಯಾದ ಮೇಲೆ, ಅಪ್ಪ ಮನೆಯಲ್ಲಿ ತಿದ್ದಿಸಿದ್ದ ಅಕ್ಷರಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅಜ್ಜಿಗೆ ಒಂದು ವಿದ್ಯೆ ಇತ್ತು. ಯಾರನ್ನಾದರೂ ಒಮ್ಮೆ ಸರಿಯಾಗಿ ನೋಡಿದರೆ ಅವರನ್ನು ಹಾಗೇ ಮಾಡಿ ತೋರಿಸುತ್ತಿದ್ದಳು. ಫಾರೆಸ್ಟ್ ಗಾರ್ಡು ಹೊಟ್ಟೆ ಮುಂದೆ ಮಾಡಿಕೊಂಡು ಬರುವುದು, ಮರಿಯಾನೆ ಸೊಂಡಿಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವುದು, ಓಟು ಕೇಳಲು ಬಂದವರು ಕೆಸರಿನಲ್ಲಿ ಪಂಚೆ ಎತ್ತಿಕೊಂಡು ಕೈ ಮುಗಿಯುವುದು. ಹಾಡಿಯ ಮಂದಿ ನೆಲ ಬಡಿದು ನಗುತ್ತಿದ್ದರು. ನನ್ನನ್ನೂ ಮಾಡುತ್ತಿದ್ದಳು. ನನಗೆ ಮರದ ನೆರಳಿನಲ್ಲೂ ಕೊಡೆ ಬಿಚ್ಚಿಕೊಂಡು ನಡೆಯುವ ಚಾಳಿ ಇತ್ತಂತೆ. ಅವಳು ಒಂದು ಒಣಕಡ್ಡಿಯನ್ನು ತಲೆಯ ಮೇಲೆ ಹಿಡಿದು, ಕಾಲು ಎತ್ತೆತ್ತಿ ಇಟ್ಟು ನಾಲ್ಕು ಹೆಜ್ಜೆ ಹಾಕಿದಳೆಂದರೆ, ಬೇಲಿಯಾಚೆಯಿಂದಲೇ ಯಾರಾದರೂ "ಸಿಸ್ಟರ್ ಬಂದ್ರು" ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ನಗು ತಡೆಯಲಾಗುತ್ತಿರಲಿಲ್ಲ.

ಬೇರೆ ಯಾರೂ ಇಲ್ಲದಾಗ ನಾನು ಅವಳೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದೆ. ಅವಳದು ಕಾಡಿನವರ ಕನ್ನಡ, ನಮ್ಮ ಮನೆಯದಲ್ಲ, ಆದರೆ ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು. ಯಾರಾದರೂ ಹತ್ತಿರ ಬಂದರೆ ನಾನು ಥಟ್ಟನೆ ಮಲಯಾಳಂಗೆ ಹೊರಳುತ್ತಿದ್ದೆ. ಅವಳು ಬಂದವರನ್ನೂ ನನ್ನನ್ನೂ ಒಮ್ಮೆ ನೋಡಿ ಎಲೆಯಡಿಕೆ ಮಡಚುತ್ತಿದ್ದಳು.

ಅವಳಿಗೆ ಒಬ್ಬಳು ಮೊಮ್ಮಗಳು. ಮಗುವಿಗೆ ಎರಡು ವರ್ಷ ತುಂಬಿದಾಗಿನಿಂದಲೇ ಫಿಟ್ಸ್. ಎಂಟು ವರ್ಷ ಆಗುವ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಬೀಳುತ್ತಿದ್ದಳು. ಒಲೆಯ ಹತ್ತಿರ ಬಿಡುವಂತಿಲ್ಲ, ತೊರೆಯ ಹತ್ತಿರ ಬಿಡುವಂತಿಲ್ಲ. ಶಾಲೆಗೆ ಸೇರಿಸಿದರೆ ಟೀಚರು ಹೆದರಿ ವಾಪಸು ಕಳಿಸಿದರು, ವರ್ಷದಲ್ಲಿ ಹತ್ತು ದಿನ ಹೋದಳೋ ಇಲ್ಲವೋ. ಒಂದಾದ ಮೇಲೊಂದು ಔಷಧ ಬದಲಾಯಿಸಿದರೂ ಹಿಡಿತಕ್ಕೆ ಬರಲಿಲ್ಲ. "ದೇವ್ರಿಗೂ ಹೇಳಿವ್ನಿ, ನಿಂಗೂ ಹೇಳ್ತಾವ್ನಿ. ಯಾರು ಮೊದ್ಲು ಮಾಡ್ತೀರೋ ಮಾಡಿ," ಅನ್ನುತ್ತಿದ್ದಳು ಅಜ್ಜಿ. ಕೊನೆಗೆ ನಮ್ಮ ಕಡೆಯ ಡಾಕ್ಟರು ಘಟ್ಟದ ಕೆಳಗಿನ ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಗುವಿನ ತಾಯಿ ಆಗ ಬಾಣಂತಿ. ಅಪ್ಪ ಸಹಿ ಹಾಕಲು ಬಂದು ಹೋಗುತ್ತಿದ್ದ. ಜೊತೆಗೆ ಉಳಿದವಳು ಅಜ್ಜಿ. ದಾರಿ ತೋರಿಸಲು, ಮಾತು ದಾಟಿಸಲು ನನ್ನನ್ನು ಇಲಾಖೆಯವರು ಕಳಿಸಿದರು.

ಅಲ್ಲಿಯ ಡಾಕ್ಟರು ಐವತ್ತು ದಾಟಿದ ಹೆಂಗಸು, ತಾಳ್ಮೆಯವರು. ಫಿಟ್ಸ್ ಹೇಗೆ ಶುರುವಾಗುತ್ತದೆ ಎಂದು ಕೇಳಿದರು. ನಾನು ಪುಸ್ತಕದ ಮಾತಿನಲ್ಲಿ ವಿವರಿಸಲು ಹೊರಟೆ. ಅಷ್ಟರಲ್ಲಿ ಅಜ್ಜಿ ಎದ್ದು ನಿಂತು ಮಾಡಿ ತೋರಿಸಲು ಶುರು ಮಾಡಿದಳು. ಮೊದಲು ಬಲಗೈ ಹೆಬ್ಬೆರಳು ಪಕ್ಕದ ಬೆರಳನ್ನು ಉಜ್ಜತೊಡಗಿತು. ಆಮೇಲೆ ಬಾಯಿಯ ಬಲಮೂಲೆ ಕೆಳಗೆ ಜಗ್ಗಿತು. ಏನೋ ಹೇಳಲು ಹೊರಟ ಮಾತು ಅರ್ಧಕ್ಕೆ ನಿಂತು ಕಣ್ಣು ಒಂದೇ ಕಡೆ ನೆಟ್ಟಿತು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ನನಗೆ ನಾಚಿಕೆಯಾಗಿ ಅವಳ ಸೆರಗು ಜಗ್ಗಿದೆ. "ಕೂತ್ಕೊ ಅಜ್ಜಿ, ಎಲ್ರೂ ನೋಡ್ತಿದಾರೆ," ಎಂದು ಪಿಸುಗುಟ್ಟಿದೆ.

"ಬಿಡಿ ಸಿಸ್ಟರ್, ನನಗೆ ಬೇಕಾಗಿದ್ದೇ ಇದು," ಅಂದರು ಡಾಕ್ಟರು. ಮೂರು ಸಲ ಮಾಡಿಸಿದರು. ಮೂರು ಸಲವೂ ಹೆಬ್ಬೆರಳೇ ಮೊದಲು. ಮುಂದೆ ಎಂಆರ್‌ಐ ಚಿತ್ರ ಬಂದಾಗ ಮೆದುಳಿನ ಎಡಭಾಗದಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ, ಹುಟ್ಟಿನಿಂದಲೇ ಸರಿಯಾಗಿ ಕೂಡದ ಒಂದು ಚೂರು ಕಂಡಿತು. ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ; ಅಜ್ಜಿಯ ಹೆಬ್ಬೆರಳು ಹೇಳಿದ ಕಡೆಯೇ ಇತ್ತು ಅದು.

ಅದನ್ನು ತೆಗೆದರೆ ಫಿಟ್ಸ್ ನಿಲ್ಲುವ ಸಾಧ್ಯತೆ ಬಹಳ ಎಂದರು. ಆದರೆ ಮಾತಿನ ಜಾಗವೂ ಸಾಮಾನ್ಯವಾಗಿ ಎಡಗಡೆಯೇ. ಅದು ಈ ಚೂರಿಗೆ ಎಷ್ಟು ಹತ್ತಿರವಿದೆ ಎಂದು ತಿಳಿಯದೆ ಚಾಕು ಇಟ್ಟರೆ ಮಗುವಿನ ಮಾತು ಹೋಗಬಹುದು. ಅದಕ್ಕೆ ಇನ್ನೊಂದು ಬಗೆಯ ಸ್ಕ್ಯಾನ್ ಇದೆ. ಮಗುವನ್ನು ಯಂತ್ರದೊಳಗೆ ಮಲಗಿಸಿ ಕಿವಿಗೆ ಮಾತು ಕೇಳಿಸುತ್ತಾರೆ. ಮಗು ಅದನ್ನು ಅರ್ಥ ಮಾಡಿಕೊಂಡು ಮನಸ್ಸಿನಲ್ಲೇ ಉತ್ತರ ಹುಡುಕುವಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತೋ ಅದು ಚಿತ್ರದಲ್ಲಿ ಬಣ್ಣವಾಗಿ ಮೂಡುತ್ತದೆ. ನಾನು ಅಜ್ಜಿಗೆ ಇದನ್ನು ಹೇಳಿದಾಗ ಅವಳು ತುಸು ಯೋಚಿಸಿ, "ಜೇನು ಕೀಳೋವಾಗ ಮರಿ ಇರೋ ತಟ್ಟಿ ಬುಟ್ಟು ತುಪ್ಪದ್ದು ಮಾತ್ರ ಕೊಯ್ತೀವಲ್ಲ, ಅಂಗೇ ತಾನೆ? ಮರಿ ಎಲ್ಲದೆ ಅಂತ ಮೊದ್ಲು ನೋಡ್ಕಂಡು?" ಅಂದಳು.

ಏನಂದರು ಎಂದು ಡಾಕ್ಟರು ಕೇಳಿದರು. "ಅರ್ಥವಾಯಿತಂತೆ," ಅಂದೆ. ಅವಳ ಹತ್ತು ಮಾತಿಗೆ ನನ್ನದು ಒಂದು. ಆಸ್ಪತ್ರೆಯಲ್ಲಿ ಉದ್ದಕ್ಕೂ ಹಾಗೇ ಮಾಡಿದೆ.

ಸ್ಕ್ಯಾನಿಗೆ ಮೊದಲು ಒಬ್ಬ ಹುಡುಗಿ ಫಾರಂ ಹಿಡಿದು ಬಂದಳು. ವಯಸ್ಸು, ತೂಕ, ಯಾವ ಕೈ ಬಳಸುತ್ತಾಳೆ. ಆಮೇಲೆ ಮಾತೃಭಾಷೆ. "ಮಲಯಾಳಂ ತಾನೇ? ಬೇರೆಯಾದರೆ ಪದಗಳ ಪಟ್ಟಿ ಹೊಸದಾಗಿ ಮಾಡಬೇಕು. ಓದಿ ರೆಕಾರ್ಡ್ ಮಾಡಲು ಆ ಭಾಷೆಯವರು ಬೇಕು. ಸಿಸ್ಟರಿಗೆ ಇವರ ಭಾಷೆ ಬರುತ್ತಾ?" ಎಂದು ಕೇಳಿದಳು. ಸುತ್ತ ಇನ್ನಿಬ್ಬರು ನರ್ಸುಗಳಿದ್ದರು. ಅವರಿಗೆಲ್ಲ ನಾನು, ಕೆಲಸಕ್ಕಾಗಿ ಕಾಡಿನವರ ಮಾತು ನಾಲ್ಕಕ್ಷರ ಕಲಿತಿದ್ದೇನೆ ಎಂದು ಹೇಳಿಕೊಂಡಿದ್ದೆ. ಈಗ ಮೈಕಿನ ಮುಂದೆ ಕೂತು ಕನ್ನಡ ಓದಬೇಕು. ಓದಿದರೆ ನಲವತ್ತು ವರ್ಷ ತಿಕ್ಕಿ ತೊಳೆದ ಆ ರಾಗ ಬಾಯಿಗೆ ಬಂದೇ ಬರುತ್ತದೆ.

"ಮಲಯಾಳಂ ಸಾಕು. ಶಾಲೆಗೆ ಸೇರಿಸಿರುವ ಮಗು," ಅಂದೆ. ಅವಳು ಬರೆಯಲು ಪೆನ್ನು ಹುಡುಕುತ್ತಿದ್ದಳು. ನಾನೇ ಫಾರಂ ತೆಗೆದುಕೊಂಡು ನನ್ನ ಪೆನ್ನಿನಿಂದ ಬರೆದುಕೊಟ್ಟೆ.

ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಯಂತ್ರದೊಳಗೆ ಅಲ್ಲಾಡದೆ ಮಲಗುವುದು ದೊಡ್ಡವರಿಗೇ ಕಷ್ಟ. ಅಜ್ಜಿ ಮೊಮ್ಮಗಳ ಕಿವಿಯಲ್ಲಿ, "ಆನೆ ಬಂದಾಗ ನಿಂತ್ಕತೀವಲ್ಲ, ಅಂಗೆ," ಎಂದಷ್ಟೇ ಹೇಳಿದಳು. ಮಗು ಕಲ್ಲಿನಂತೆ ಮಲಗಿತು. ಇಷ್ಟು ಚೆನ್ನಾಗಿ ಮಲಗಿದ ಮಗುವನ್ನು ನೋಡಿಲ್ಲವೆಂದು ಎಲ್ಲರೂ ಹೊಗಳಿದರು.

ಫಲಿತಾಂಶ ಮಾತ್ರ ವಿಚಿತ್ರವಾಗಿತ್ತು. ಎಡಗಡೆ ಮಾತಿನ ಜಾಗದಲ್ಲಿ ಬಣ್ಣವೇ ಇಲ್ಲ. ಅಲ್ಲೊಂದು ಇಲ್ಲೊಂದು ಮಸುಕು ಚುಕ್ಕೆ. ಚಿಕ್ಕಂದಿನಿಂದ ಕಾಯಿಲೆಯಿದ್ದ ಮಕ್ಕಳಲ್ಲಿ ಮಾತು ಕೆಲವೊಮ್ಮೆ ಬಲಗಡೆಗೆ ಜಾಗ ಬದಲಿಸುವುದುಂಟು, ಇವಳಿಗೂ ಹಾಗಾಗಿರಬಹುದು ಎಂದು ಡಾಕ್ಟರು ಅಂದರು. "ಹಾಗಿದ್ದರೆ ಎಡಗಡೆ ಸ್ವಲ್ಪ ಧಾರಾಳವಾಗಿಯೇ ತೆಗೆಯಬಹುದು. ನಾಳೆ ಎಲ್ಲರೂ ಕೂತು ತೀರ್ಮಾನ ಮಾಡುತ್ತೇವೆ," ಅಂದರು. ಫಾರಂನಲ್ಲಿ ನಾನು ಬರೆದದ್ದು ನೆನಪಾಯಿತು. ದೊಡ್ಡ ಡಾಕ್ಟರು, ದೊಡ್ಡ ಯಂತ್ರ, ಅವರಿಗೆ ಗೊತ್ತಿಲ್ಲದ್ದು ಏನಿದೆ ಎಂದು ಸಮಾಧಾನ ಮಾಡಿಕೊಂಡೆ.

ಸಂಜೆ ವಾರ್ಡಿನಲ್ಲಿ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಆ ಗೂಡೊಳ್ಗೆ ಏನು ಕೇಳುಸ್ತು?" ಎಂದು ಕೇಳಿದಳು. ಮಗು ಅಜ್ಜಿಯ ಮೊಮ್ಮಗಳೇ. ರೆಕಾರ್ಡಿನ ಹೆಂಗಸಿನ ಮಲಯಾಳಂ ವಾಕ್ಯಗಳನ್ನು ಅದೇ ಗತ್ತಿನಲ್ಲಿ, ಉಸಿರೆಳೆಯುವುದೂ ಬಿಡದೆ ಒಪ್ಪಿಸಿದಳು. "ಅಂಗಂದ್ರೇನು?" ಎಂದಳು ಅಜ್ಜಿ. "ಗೊತ್ತಿಲ್ಲ. ಟೀಚರ್ ಕೂಗ್ದಂಗದೆ," ಅಂದಿತು ಮಗು.

ಅಜ್ಜಿ ನನ್ನತ್ತ ತಿರುಗಿದಳು. "ಸಿಸ್ಟರೇ, ಕೂಸಿಗೆ ಅದು ತಿಳ್ದಿಲ್ಲ. ಡಾಕ್ಟರಿಗೆ ಹೇಳು."

"ಅದೆಲ್ಲ ಅವರಿಗೆ ಗೊತ್ತಿರುತ್ತೆ ಅಜ್ಜಿ. ನೀನು ಸುಮ್ನಿರು," ಅಂದೆ.

ಫಾರಂ ತುಂಬಿದ್ದು ಒಂದು ಕ್ಷಣದ ತಪ್ಪು ಅನ್ನಬಹುದು. ಇದು ಹಾಗಲ್ಲ. ಮಗುವಿನ ಮಾತು ಹೋಗಬಹುದೆಂದು ಗೊತ್ತಿದ್ದೂ, ತಿದ್ದಲು ಒಂದು ಇಡೀ ಸಂಜೆ ಕೈಯಲ್ಲಿದ್ದೂ, ಬಾಯಿ ಮುಚ್ಚಿಕೊಂಡು ಕೂತೆ.

ಮರುದಿನ ಬೆಳಿಗ್ಗೆ ಡಾಕ್ಟರು ಬರುವ ಮುಂಚೆಯೇ ಅಜ್ಜಿ ಮಗುವಿನ ಕೈ ಹಿಡಿದು ಅವರ ಕೋಣೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಒಳಗೆ ಸೇರಿಯಾಗಿತ್ತು. ಮಗು ಮೊದಲು ರೆಕಾರ್ಡಿನ ಮಾತನ್ನು ಒಪ್ಪಿಸಿತು. ಡಾಕ್ಟರು ನಕ್ಕು, ಮಲಯಾಳಂನಲ್ಲೇ, "ಸರಿ, ಚೂಲಿನಲ್ಲಿ ಏನು ಮಾಡುತ್ತಾರೆ?" ಎಂದು ಕೇಳಿದರು. ಚೂಲು ಅಂದರೆ ಪೊರಕೆ. ಮಗು "ಚೂಲಿನಲ್ಲಿ ಏನು ಮಾಡುತ್ತಾರೆ" ಎಂದು ಡಾಕ್ಟರ ದನಿಯಲ್ಲೇ ತಿರುಗಿ ಹೇಳಿತು, ಅಷ್ಟೇ. ಆಗ ಅಜ್ಜಿ ತನ್ನ ಮಾತಿನಲ್ಲಿ ಕೇಳತೊಡಗಿದಳು.

"ಪೊರ್ಕೇಲಿ ಏನ್ ಮಾಡ್ತಾರೆ?"

"ಗುಡುಸ್ತಾರೆ."

"ಕೊಡ್ಲೀಲಿ?"

"ಸೌದೆ ಕಡೀತಾರೆ."

"ಸಿಸ್ಟರು ಕೊಡೇಲಿ?"

"ಬಿಸ್ಲಿಲ್ದಿದ್ರೂವೆ ಹಿಡ್ಕತಾರೆ."

ಡಾಕ್ಟರಿಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಏನಾಗುತ್ತಿದೆ ಎಂಬುದು ಪೂರ್ತಿ ತಿಳಿಯಿತು. ಮುಖದ ನಗು ಇಳಿಯಿತು. ಫೈಲು ತೆಗೆದು ಫಾರಂ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. "ಸಿಸ್ಟರ್, ಮಾತೃಭಾಷೆ ಮಲಯಾಳಂ ಎಂದು ಯಾರು ಹೇಳಿದ್ದು?"

ನನ್ನ ಕೈಯಲ್ಲಿ ಪೆನ್ನು ಇತ್ತು. ಅದರ ಗುಂಡಿಯನ್ನು ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ನೆಲ ನೋಡಿದೆ.

ಅಜ್ಜಿ ಪ್ರಶ್ನೆಯನ್ನು ಹೇಗೆ ತಿಳಿದುಕೊಂಡಳೋ. ತನಗೆ ಬರುವ ನಾಲ್ಕು ಮುರುಕು ಮಲಯಾಳಂ ಮಾತು ಜೋಡಿಸಿ, "ನಾನು ಹೇಳಿದ್ದು. ನಾನು ಬರಿ ಅಂದೆ, ಸಿಸ್ಟರ್ ಬರೆದಳು. ತಪ್ಪು ನನ್ನದು," ಅಂದಳು.

"ಅಮ್ಮಾ, ಇಂಥದ್ದರಲ್ಲಿ ಸುಳ್ಳು ಹೇಳಬಾರದು. ಮಗು ಮೂಕಿಯಾಗುತ್ತಿತ್ತು, ಗೊತ್ತಾ?" ಎಂದು ಡಾಕ್ಟರು ಗದರಿದರು. ಅಷ್ಟು ತಾಳ್ಮೆಯ ಹೆಂಗಸು ದನಿಯೆತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಜ್ಜಿ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಪೆನ್ನು ಒತ್ತುತ್ತಲೇ ಇದ್ದೆ.

ಸ್ಕ್ಯಾನ್ ಮತ್ತೆ ಮಾಡಿದರು. ಮೈಕಿನ ಮುಂದೆ ಕೂತವಳು ಅಜ್ಜಿ. ನನ್ನ ಮನೆಮಾತೂ ಕನ್ನಡವೇ ಎಂದು ಆಗಲೂ ಅವಳು ಬಾಯಿ ಬಿಡಲಿಲ್ಲ. ಪೊರಕೆ, ಕೊಡಲಿ, ಗಡಾರಿ, ಬುಟ್ಟಿ ಎಂದು ಒಂದೊಂದನ್ನೇ ಹೇಳಿದಳು, ಕರಡಿ ಜೇನು ತಿಂದು ಸಿಕ್ಕಿಬಿದ್ದ ಒಂದು ಕತೆಯನ್ನೂ ಹೇಳಿದಳು. ಹೋಲಿಸಿ ನೋಡಲು ಅದೇ ಕತೆಯನ್ನು ಹಿಂದುಮುಂದಾಗಿಯೂ ಕೇಳಿಸುತ್ತಾರೆ. ತನ್ನ ದನಿ ಹಿಂದುಮುಂದಾಗಿ ಬಂದದ್ದನ್ನು ಕೇಳಿ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊಟದ ಹೊತ್ತಿಗೆ ಅದನ್ನೂ ಮಾಡಿ ತೋರಿಸುತ್ತಿದ್ದಳು. ಈ ಸಲದ ಚಿತ್ರದಲ್ಲಿ ಎಡಗಡೆ ಕೆಂಡದಂತೆ ಬಣ್ಣ ಬಂದಿತ್ತು. ಆ ಕೆಟ್ಟ ಚೂರಿನಿಂದ ಒಂದು ಬೆರಳಿನಷ್ಟು ದೂರ.

ಅಳೆದು, ಬೇಕಾದಷ್ಟೇ ತೆಗೆದರು. ಆಪರೇಷನ್ ಆದ ಮೇಲೆ ಎರಡು ದಿನ ಮಗು ಮಾತಾಡಲಿಲ್ಲ. ಊತ ಇಳಿಯಬೇಕು, ಕಾಯೋಣ ಎಂದರು ಡಾಕ್ಟರು. ಆ ಎರಡು ದಿನ ಅಜ್ಜಿ ಯಾರನ್ನೂ ಮಾಡಿ ತೋರಿಸಲಿಲ್ಲ. ನಾನು ಅವಳ ಎದುರು ಹೋಗಲಾಗದೆ ನೀರು ತರುವ ನೆಪ, ಚೀಟಿ ತರುವ ನೆಪ ಹುಡುಕುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿಸುವಾಗ ಮಗು ಮುಖ ಹಿಂಡಿ, "ಅಜ್ಜೀ, ಇದ್ರಲ್ಲಿ ಉಪ್ಪೇ ಇಲ್ಲ," ಅಂದಿತು. ಡಾಕ್ಟರು ಏನಂದಳೆಂದು ಕೇಳಿದರು. ಒಂದಕ್ಷರ ಬಿಡದೆ ದಾಟಿಸಿದೆ. ಅಳು ಬಂತು, ಹೊರಗೆ ಹೋದೆ.

ಆಮೇಲೆ ವರ್ಷಗಟ್ಟಲೆ ನಾನು ಆ ಹಾಡಿಗೆ ಹೋದೆ. ಮೊಮ್ಮಗಳು ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತಾಳೆ. ಆಪರೇಷನ್ ಆದ ಮೇಲೆ ಬಿದ್ದಿಲ್ಲ. ಅಜ್ಜಿ ಎಂದಿನಂತೆ ನನ್ನನ್ನು ಕೂರಿಸಿಕೊಂಡು ಮಾತಾಡುತ್ತಿದ್ದಳು, ಜೇನು ಬಂದ ಕಾಲದಲ್ಲಿ ಬಾಟಲಿ ತುಂಬಿ ಕೊಡುತ್ತಿದ್ದಳು. ಕ್ಷಮಿಸು ಎನ್ನಲು ಹತ್ತು ಸಲ ಬಾಯಿ ತೆರೆದಿದ್ದೇನೆ. ಅವಳು ಪ್ರತಿ ಸಲವೂ ಬೇರೆ ಮಾತು ಎತ್ತುತ್ತಿದ್ದಳು. ಅವಳು ಮರೆತಿದ್ದಾಳೆ ಎಂದು ನಂಬಲು ನನಗೂ ಸುಖವಾಗಿತ್ತು.

ಅಜ್ಜಿ ಹೋದ ಸುದ್ದಿ ತಿಳಿದು ನಾನು ಹಾಡಿಗೆ ಹೋದದ್ದು ಎಲ್ಲ ಕಾರ್ಯ ಮುಗಿದ ಮೇಲೆ. ಹದಿನಾರರ ಮೊಮ್ಮಗಳು ಅಂಗಳದಲ್ಲಿ ಕೂತಿದ್ದಳು. ಪ್ಲಸ್ ವನ್, ಅಂದರೆ ಮೊದಲ ಪಿಯುಸಿ ಓದುತ್ತಿದ್ದಾಳೆ, ಮಲಯಾಳಂ ಈಗ ನೀರು ಕುಡಿದಂತೆ. ನಾನು ಕನ್ನಡದಲ್ಲೇ ಮಾತು ತೆಗೆದೆ. "ಮಗಳೇ, ಆಸ್ಪತ್ರೆ ಫಾರಂನಲ್ಲಿ ತಪ್ಪು ಬರೆದದ್ದು ನಾನು. ನಿನ್ನಜ್ಜಿ ಅಲ್ಲ."

"ಗೊತ್ತು ಸಿಸ್ಟರೇ. ಎಲ್ರಿಗೂ ಗೊತ್ತು," ಅಂದಳು. "ಅಜ್ಜಿ ಮಾಡಿ ತೋರುಸ್ತಿತ್ತಲ್ಲ."

"ಏನನ್ನ?"

ಅವಳು ಎದ್ದು ನಿಂತಳು. ಎರಡೂ ಪಾದ ಜೋಡಿಸಿದಳು. ಗಲ್ಲ ಎದೆಗೆ ತಾಗುವಷ್ಟು ತಲೆ ತಗ್ಗಿಸಿದಳು. ಬಲಗೈ ಮುಷ್ಟಿಯ ಮೇಲೆ ಹೆಬ್ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು. ನಾಲಿಗೆಯಲ್ಲಿ ಟಕ್, ಟಕ್ ಎಂದು ಸದ್ದು. ಪಕ್ಕದ ಮನೆಯ ಬಾಗಿಲಲ್ಲಿ ಕೂತಿದ್ದ ಹೆಂಗಸು ಅದನ್ನು ಕಂಡು, ಸಾವಿನ ಮನೆ ಎಂಬುದನ್ನೂ ಮರೆತು ನಕ್ಕಳು. ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಎಂಟು ವರ್ಷ ಇಡೀ ಹಾಡಿ ನನ್ನನ್ನು ಹೀಗೆ ನೋಡಿತ್ತು. ನೋಡಿಯೂ ಮಾತ್ರೆಗೆ ನನ್ನ ಮುಂದೆ ಸಾಲು ನಿಂತಿತ್ತು.

"ಮಾಡಿ ಆದ್ಮೇಲೆ ಅಜ್ಜಿ ಏನಂತಿದ್ಲು?" ಎಂದು ಕೇಳಿದೆ. ಕೇಳದೆ ಬರಬಹುದಿತ್ತು.

"'ನಗ್ಬೇಡ್ರೋ, ಪಾಪ. ತಪ್ಪು ಬರ್ದೆ ಅಂದ್ರೆ ಕೆಲ್ಸ ಕಿತ್ಕತಾರೆ ಅಂತ ಹೆದ್ರುಕಂಡವ್ಳೆ. ನಮ್ಗೇನು ಕಿತ್ಕಳಕ್ಕದೆ?' ಅಂತಿತ್ತು."

ನನ್ನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಒಂದು ಬೈಗುಳ, ಒಂದು ಹೊಸ ಫಾರಂ, ಅಷ್ಟೇ. ಅದು ನನಗೆ ಆ ಕೋಣೆಯಲ್ಲೇ ಗೊತ್ತಿತ್ತು. ನಾನು ಹೆದರಿದ್ದು ಕೆಲಸಕ್ಕಲ್ಲ, ಹಿಂದಿನ ಬೆಂಚಿನ ನಗುವಿಗೆ. ಅಜ್ಜಿ ನನಗಾಗಿ, ನನಗಿಲ್ಲದ ಒಂದು ಮರ್ಯಾದಸ್ಥ ಕಾರಣವನ್ನು ಹುಡುಕಿ ಕೊಟ್ಟಿದ್ದಳು.

ಅದನ್ನು ಹುಡುಗಿಗೆ ಹೇಳಿದೆ. ರಾಗ ಬಂದರೆ ಬರಲಿ ಎಂದು ಪೂರ್ತಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದಳು, ಮಾತ್ರೆಯ ಸಾಲಿನಲ್ಲಿ ಅವಳಜ್ಜಿ ನೋಡಿದ ಹಾಗೆ. ಮುಂದೊಂದು ದಿನ ಮಾಡಿ ತೋರಿಸಬೇಕಾದವರು ನೋಡುವುದು ಹಾಗೆಯೇ.